ಉತ್ತರ ಬಾಕಿಯಿದ್ದ ಪದ

ನನ್ನ ವಾರಗಿತ್ತಿ ಮುನಿಯಲ್ಲಮ್ಮನಿಗೆ ಪದ ಹುಟ್ಟುತ್ತಿದ್ದದ್ದು ಹುಳು ಜ್ವರಕ್ಕೆ ಕೂತಾಗ. ರೇಷ್ಮೆ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ರೇಷ್ಮೆಹುಳು ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ, ಮನೆ ತುಂಬ ಚರಚರ ಸದ್ದು. ಆಮೇಲೊಂದು ದಿನ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಕದಲದೆ ಕೂತುಬಿಡುತ್ತದೆ. ಹಳೇ ಚರ್ಮ ಕಳಚುವ ತನಕ ಹಾಗೇ. ಅದಕ್ಕೇ ನಾವು ಜ್ವರ ಅನ್ನುವುದು. ಆ ದಿನ ಸೊಪ್ಪು ಕೊಯ್ಯುವ ಕೆಲಸವಿಲ್ಲ, ತಟ್ಟೆ ಮುಟ್ಟುವ ಹಾಗಿಲ್ಲ. ಇಡೀ ಮನೆ ಉಸಿರು ಹಿಡಿದುಕೊಂಡ ಹಾಗಿರುತ್ತದೆ. ಅಂಥ ಮಧ್ಯಾಹ್ನ ಮುನಿಯಲ್ಲಮ್ಮ ಗೋಡೆಗೆ ಒರಗಿ, ಕಣ್ಣು ಅರ್ಧ ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೂರುವಳು.

ನನಗೋ ಮೈಯೆಲ್ಲ ಉರಿಯುತ್ತಿತ್ತು. ಒಲೆಯ ಮೇಲೆ ಎಸರಿಟ್ಟಿರುವಳು, ರಾಗಿಹಿಟ್ಟು ಹಾಕಿರುವುದಿಲ್ಲ. “ಅಕ್ಕಾ, ಎಸರು ಬತ್ತೋಯ್ತು” ಅಂದರೆ, “ತಾಳೇ ಗಂಗರತ್ನ, ಒಂದು ಸಾಲು ಬಾಗಿಲ ಹತ್ರ ಬಂದು ನಿಂತೈತೆ” ಅನ್ನುವಳು. ನಾನು ಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ, ನನ್ನ ಕರ್ಮ! ಅಲ್ಲಿ ಕೋಳಿ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಆದರೆ ಸಂಜೆಗೆ ಅವಳ ಬಾಯಿಂದ ಆ ಸಾಲು ಹೊರಗೆ ಬಂದಾಗ ಬೈಗುಳವೆಲ್ಲ ನನಗೆ ಮರೆತುಹೋಗುತ್ತಿತ್ತು. ಅವಳು ಹಾಡಿದ್ದಕ್ಕೆ ಹಿಂದನಿ ಹಿಡಿಯುವವಳು ನಾನು. ವಕ್ಕಲೇರಿಯ ಸುತ್ತಮುತ್ತ ಯಾವ ಮದುವೆಯಾದರೂ ನಮ್ಮಿಬ್ಬರಿಗೂ ವೀಳ್ಯ ಬರುತ್ತಿತ್ತು.

ಅವಳಿಗೆ ಮಕ್ಕಳಾಗಲಿಲ್ಲ. ಸತ್ತುಹೋದ ಅಕ್ಕನ ಮಗಳು ಶಾಮಲಮ್ಮನನ್ನು ಹಾಲುಗೂಸಿನಿಂದ ಸಾಕಿದಳು. ಆ ಹುಡುಗಿಯದೂ ಒಂದು ಹಟ. ನೀರು ಚೊಂಬಿನಲ್ಲಿ ಕೊಟ್ಟರೆ ಕುಡಿಯುತ್ತಿರಲಿಲ್ಲ. ಮುನಿಯಲ್ಲಮ್ಮ ಕೈ ಜೋಡಿಸಿ ಬೊಗಸೆ ಮಾಡಬೇಕು, ನಾನು ಹೊಯ್ಯಬೇಕು, ಅವಳು ಬಗ್ಗಿ ಕುಡಿಯಬೇಕು. ಲಂಗ ದಾವಣಿ ಹಾಕುವ ವಯಸ್ಸಿಗೆ ಬಂದರೂ ಇದೇ ಆಟ. “ಮುದ್ದು ಜಾಸ್ತಿಯಾಯ್ತು ಕಣೇ, ಅತ್ತೆ ಮನೇಲಿ ಯಾರು ಬೊಗಸೆ ಹಿಡೀತಾರೆ?” ಅಂತ ನಾನು ಗದರುತ್ತಿದ್ದೆ. ಮುನಿಯಲ್ಲಮ್ಮನ ಮುಖ ಆಗ ಸಣ್ಣದಾಗುತ್ತಿತ್ತು.

ಎಪ್ಪತ್ತಾರರಲ್ಲಿ ಶಾಮಲಳ ಮದುವೆಯಾಯಿತು. ಗಂಡಿನ ಕಡೆಯವರು ಮುಳಬಾಗಿಲಿನಾಚೆ ಆಂಧ್ರದ ಗಡಿಯ ಹತ್ತಿರದವರು, ಮನೆಮಾತು ತೆಲುಗು. ಗಂಡಿನ ತಾಯಿ ಅಕ್ಕಯಮ್ಮ ಎತ್ತರದ ಆಳು, ಸೆರಗು ಬೀಸಿ ನಡೆದರೆ ಚಪ್ಪರವೇ ಅಲ್ಲಾಡಬೇಕು. ಊಟವಾದ ಮೇಲೆ ನಮ್ಮಲ್ಲಿ ಬೀಗರ ಪದ ಹಾಡುವುದು ವಾಡಿಕೆ. ಎರಡೂ ಕಡೆಯ ಹೆಂಗಸರು ಎದುರುಬದುರು ಕೂತು ಒಬ್ಬರನ್ನೊಬ್ಬರು ಪದದಲ್ಲೇ ಅಣಕಿಸಬೇಕು, ಪದದಲ್ಲೇ ಉತ್ತರ ಕೊಡಬೇಕು. ಉತ್ತರ ಸಿಗದವರು ಸೋತ ಹಾಗೆ. ಸೋತವರು ಗೆದ್ದವರ ಮಡಿಲಿಗೆ ಅಕ್ಕಿ, ಎಲೆಅಡಿಕೆ, ತೆಂಗಿನಕಾಯಿ ತುಂಬಿ ನಕ್ಕುಬಿಟ್ಟರೆ ಅಲ್ಲಿಗೆ ಮುಗಿಯಿತು. ಮನಸ್ಸಿನಲ್ಲಿ ಯಾರೂ ಏನೂ ಇಟ್ಟುಕೊಳ್ಳಬಾರದು.

ಮುನಿಯಲ್ಲಮ್ಮ ಅವತ್ತು ಹಾಡಿದ್ದು ಇದು:

ಬಂದಾಳೆ ಬೀಗಿತ್ತಿ ಬೆಳಗಿನ ಬಿಸಿಲಲ್ಲಿ
ಸೆರಗು ಬೀಸುತ ಮೋಡ ಓಡಿಸಿ
ಮೋಡ ಓಡಿಸಿದೋಳೆ ಮಳೆಗೇನು ಹೇಳುತಿಯೆ
ಬಾಯಾರಿ ನಿಂತವಳೆ ನಮ್ಮ ಕೂಸು

ಚಪ್ಪರದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಕ್ಕಯಮ್ಮ ಎದ್ದು ನಿಂತಳು, ಬಾಯಿ ತೆರೆದಳು, ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ನಗು ಇನ್ನೂ ಹೆಚ್ಚಾಯಿತು. ನೋಡನೋಡುತ್ತ ಅವಳ ಮುಖ ಕಪ್ಪಿಟ್ಟಿತು. ಮಡಿಲು ತುಂಬಲೂ ಇಲ್ಲ, ನಗಲೂ ಇಲ್ಲ. ಸೊಸೆಯ ರಟ್ಟೆ ಹಿಡಿದು ಬಸ್ಸು ಹತ್ತಿಸಿಕೊಂಡು ಹೊರಟೇಹೋದಳು.

ಅಷ್ಟೇ. ಶಾಮಲಳನ್ನು ಮತ್ತೆ ತವರಿಗೆ ಕಳಿಸಲಿಲ್ಲ. ಗೌರಿಹಬ್ಬಕ್ಕೆ ಇಲ್ಲ, ಸಂಕ್ರಾಂತಿಗೆ ಇಲ್ಲ. ಗಂಡುಮಗು ಹುಟ್ಟಿದ್ದು ಸಂತೆಗೆ ಬಂದ ಯಾರದೋ ಬಾಯಿಂದ ನಮಗೆ ತಿಳಿಯಿತು. ಮೊದಲ ಬಾಣಂತನ ತವರಲ್ಲಿ ಆಗಲಿಲ್ಲವಲ್ಲ ಅಂತ ಮುನಿಯಲ್ಲಮ್ಮ, ಅದಕ್ಕೆಂದೇ ಕಟ್ಟಿಟ್ಟಿದ್ದ ಶುಂಠಿ, ಬೆಲ್ಲದ ಗಂಟನ್ನು ಎದುರಿಗಿಟ್ಟುಕೊಂಡು ಅತ್ತಳು. “ಒಂದ್ಸಲ ಹೋಗಿ ಬಾ” ಅಂದರೆ, “ಕರೀದೆ ಹೋಗೋಕೆ ನಂಗೆ ಮುಖ ಎಲ್ಲೈತೆ?” ಅನ್ನುವಳು. ಜನಕ್ಕೇನು, ಆ ಪದ ಹೋಬಳಿಗೆಲ್ಲ ಹಬ್ಬಿತು. ಕಳೆ ಕೀಳುವವರು ಹಾಡಿದರು, ನೀರಿಗೆ ಹೋಗುವವರು ಹಾಡಿದರು. ಕಟ್ಟಿದವಳು ಮಾತ್ರ ಅದನ್ನು ಮತ್ತೆ ಬಾಯಲ್ಲಿ ಆಡಲಿಲ್ಲ.

ಎಂಬತ್ನಾಲ್ಕರಲ್ಲಿ ಕ್ಯಾಲನೂರಿನ ಶ್ರೀನಿವಾಸಪ್ಪ ನಮ್ಮ ಮನೆಗೆ ಬಂದ. ಹಾಲಿನ ಡೈರಿಯ ಸೆಕ್ರೆಟರಿ ಆಗಿದ್ದವನು, ಪದದ ಹುಚ್ಚು. ಟೀ ಅಂಗಡಿಗಳಲ್ಲಿ ಎಲ್ಲೆಲ್ಲಿಯವರದೋ ಕ್ಯಾಸೆಟ್ಟು ಕೂಗುತ್ತವೆ, ನಮ್ಮವರದು ಒಂದೂ ಇಲ್ಲವಲ್ಲ ಅಂತ ಪದಗಾರರದೇ ಒಂದು ಸಹಕಾರ ಸಂಘ ಮಾಡಿದ್ದ. ಪದ ಕಟ್ಟುವವರೇ ಸದಸ್ಯರು, ಎಲ್ಲರೂ ಸೇರಿ ಒಬ್ಬೊಬ್ಬರದೇ ಮೊದಲ ಕ್ಯಾಸೆಟ್ಟು ತರುವುದು. ಹಸುವಿನ ಹಾಗೆ ಪದಗಾರರೂ ಬೆಳಿಗ್ಗೆ ಸಾಯಂಕಾಲ ಎರಡು ಹೊತ್ತು ಕರೆಯುತ್ತಾರೆ ಅಂದುಕೊಂಡಿದ್ದನೋ ಏನೋ, ಬಂದವನೇ “ಮುನಿಯಲ್ಲಕ್ಕ, ಹತ್ತು ಪದ ಕೊಡು” ಅಂದ. “ಮೊದಲ್ನೇ ಕ್ಯಾಸೆಟ್ಟು ನಿಂದೇ. ಮೋಡ ಓಡಿಸಿದ ಪದ ಇರ್ಲೇಬೇಕು. ಅದಿಲ್ದಿದ್ರೆ ಯಾರು ಕೇಳ್ತಾರೆ?”

ಮುನಿಯಲ್ಲಮ್ಮ ಎದ್ದು ಹುಳುವಿನ ತಟ್ಟೆಗೆ ಸೊಪ್ಪು ಹರಡಿದಳು. ತನ್ನ ದನಿ ಡಬ್ಬಿಯಲ್ಲಿ ಉಳಿಯುತ್ತದೆ ಅಂದರೆ ಅವಳಿಗೂ ಆಸೆಯೇ. ಆಮೇಲೆ ಅಂದಳು: “ಆಗಲ್ಲ ಶ್ರೀನಿವಾಸಪ್ಪ. ಮುಳಬಾಗಿಲ ಹೋಟ್ಲಲ್ಲಿ ಅದು ಕೂಗಿದ್ರೆ ಆಯಮ್ಮನ ಕಿವಿಗೆ ದಿನಾ ಬೀಳ್ತೈತೆ. ನನ್ನ ಕೂಸು ಆ ಮನೇಲಿ ಬಾಳಬೇಕಲ್ಲ? ಆಯಮ್ಮ ಒಪ್ಪಿದ್ರೆ ಹಾಡ್ತೀನಿ. ಇಲ್ದಿದ್ರೆ ನಂಗೆ ಕ್ಯಾಸೆಟ್ಟೇ ಬೇಡ.”

“ಹಂಗಾದ್ರೆ ಹೋಗಿ ಕೇಳೋಣ ನಡಿ!” ಅಂದೆ ನಾನು. ಎಂಟು ವರ್ಷದಿಂದ ಅವಳನ್ನು ಆ ದಾರಿ ಹಿಡಿಸಲು ನೆಪ ಹುಡುಕುತ್ತಿದ್ದೆ, ಸಿಕ್ಕಿದ್ದನ್ನು ಬಿಡುತ್ತೇನೆಯೇ?

ಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಕೊನೇ ಜ್ವರಕ್ಕೆ ಕೂತ ದಿನ ಹೊರಟೆವು. ಬೆಳಗಿನ ಮಂಜು ಕೆರೆಯಿಂದ ಎದ್ದು ರಸ್ತೆಗೆ ಬಂದಿತ್ತು. ಕೋಲಾರದಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ ಅವಳಿಗೆ ಅರೆನಿದ್ದೆ. ಕಿಟಕಿಯಾಚೆ ಬಂಡೆಗುಡ್ಡಗಳು ಮಂಜಿನೊಳಗಿಂದ ಒಂದೊಂದಾಗಿ ಮೇಲೆದ್ದು ಮತ್ತೆ ಮಂಜಿನೊಳಗೇ ಹೋಗುತ್ತಿದ್ದವು. “ಗಂಗರತ್ನ, ಇವು ನಮ್ಮ ಜೊತೇಲೇ ಬರ್ತಾ ಅವೆ ನೋಡು” ಅಂದಳು. “ಟಿಕೀಟು ತಗೊಂಡವೇನೋ ಕೇಳು” ಅಂದೆ. ನಕ್ಕಳು. ಆದರೆ ಇಳಿಯುವ ತನಕ ನನ್ನ ಕೈ ಬಿಡಲಿಲ್ಲ.

ಅಕ್ಕಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಶಾಮಲ ಒಳಗಿನಿಂದ ಬಂದವಳು ನಮ್ಮನ್ನು ನೋಡಿ ಕಂಬ ಹಿಡಿದು ನಿಂತುಬಿಟ್ಟಳು. ಮೈ ತುಂಬಿಕೊಂಡಿದ್ದಳು, ಚೆನ್ನಾಗಿದ್ದಳು. ಅಷ್ಟು ಕಂಡದ್ದೇ ನನಗೆ ಹೊಟ್ಟೆ ತಣ್ಣಗಾಯಿತು.

“ರಾ ವದಿನಾ, ಕೂಚೋ” ಅಂತ ಅಕ್ಕಯಮ್ಮ ಚಾಪೆ ತೋರಿಸಿದಳು. ಬಾ ಅತ್ತಿಗೆ, ಕೂತ್ಕೋ ಅಂತ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ.

ಮುನಿಯಲ್ಲಮ್ಮ ಕೂರಲಿಲ್ಲ. ನಿಂತೇ ಸಂಘದ ಸಂಗತಿಯನ್ನೆಲ್ಲ ಹೇಳಿದಳು. “ನೀನು ಬೇಡ ಅಂದ್ರೆ ಆ ಪದಾನ ಇಲ್ಲೇ ನಿನ್ನ ಕಾಲ ಹತ್ರ ಬಿಟ್ಟು ಹೋಗ್ತೀನಿ. ಅವತ್ತು ನಿನ್ನ ಮನಸು ನೋಯಿಸಬೇಕು ಅಂತ ಹಾಡ್ಲಿಲ್ಲ ಕಣಮ್ಮ. ಕೂಸನ್ನ ಕಳಿಸೋ ಸಂಕಟ, ಬಾಯಿಗೆ ಬಂತು, ಹಾಡಿದೆ.”

ಅಕ್ಕಯಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿದಳು. “ನೀನು ಅಣಕಿಸಿದ್ದಕ್ಕಾ ನಾನು ಎದ್ದು ಹೋಗಿದ್ದು?” ಅಂದಳು. “ನಮ್ಮ ಸೀಮೇಲಿ ಪದಕ್ಕೆ ಅಕ್ಕಯಮ್ಮನ್ನ ಬಿಟ್ರೆ ಇಲ್ಲ. ತೆಲುಗಲ್ಲಿ ಕೇಳಿದ್ದಿದ್ರೆ ನಿನ್ನ ನೀರಿಳಿಸ್ತಿದ್ದೆ. ಕನ್ನಡ ನಂಗೆ ಸಂತೇಲಿ ಯಾಪಾರಕ್ಕೆ ಬರ್ತಿತ್ತು, ಪದಕ್ಕೆ ಬರ್ತಿರ್ಲಿಲ್ಲ. ಅಷ್ಟು ಜನದ ಮುಂದೆ ಮೂಗಿ ಹಂಗೆ ನಿಂತ್ನಲ್ಲ, ಆ ಸಿಗ್ಗು! ಅದು ಸುಡ್ತು ನನ್ನ.”

ಮಡಿಲ ಸಿಪ್ಪೆ ಕೊಡವಿಕೊಂಡು ಅಕ್ಕಯಮ್ಮ ಮೆಲ್ಲಗೆ ಅಂದಳು: “ಈಗ ಉತ್ತರ ಐತೆ. ಇಲ್ಲಿ ಹೇಳಲ್ಲ. ಚಪ್ಪರ ತುಂಬ ಜನದ ಮುಂದೆ ನೀನು ಕೇಳಿದೆ, ಅಷ್ಟು ಜನಕ್ಕೆ ಕೇಳ್ಸೋ ಹಂಗೆ ನಾನೂ ಹೇಳ್ಬೇಕು. ನಿನ್ನ ಪದದ ಹಿಂದೆ ನನ್ನ ಪದಾನೂ ಆ ಡಬ್ಬೀಗೆ ಹಾಕಿಸ್ತೀಯಾ?”

ಎಂಟು ವರ್ಷ ಕುದಿಸಿಟ್ಟ ಮಾತು, ಅದೆಷ್ಟು ಖಾರ ಇದೆಯೋ! ಒಮ್ಮೆ ಕ್ಯಾಸೆಟ್ಟಿಗೆ ಬಿದ್ದರೆ ಮುನಿಯಲ್ಲಮ್ಮನನ್ನು ನೋಡಿ ನಾಲ್ಕೂ ತಾಲ್ಲೂಕು ನಗುತ್ತದೆ. ಬೇಡ ಅಂತ ಅವಳ ಸೆರಗು ಜಗ್ಗಿದೆ. ಅವಳು ಶಾಮಲಳ ಕಡೆ ಒಂದು ಸಲ ನೋಡಿದಳು. “ಆಗ್ಲಿ ವದಿನಾ” ಅಂದಳು.

ಸಂಘಕ್ಕೆ ಸ್ವಂತ ಜಾಗವೆಲ್ಲಿಂದ ಬರಬೇಕು? ಕೋಲಾರದಲ್ಲಿ ಕದಿರೇಶನೆಂಬವನ ಫೋಟೋ ಸ್ಟುಡಿಯೋ, ಅದರ ಮಹಡಿಯ ಮೇಲೆ ಮರುದಿನವೇ ರೆಕಾರ್ಡಿಂಗು. ಹೊರಗಿನ ಸದ್ದು ಬಾರದಿರಲೆಂದು ಕಿಟಕಿಗೆ ಹತ್ತಿಯ ಹಾಸಿಗೆ ಒರಗಿಸಿದ್ದರು. ಗೋಡೆಗೆ ಫೋಟೋ ತೆಗೆಯುವ ಪರದೆ. ಅದರಲ್ಲಿ ಕೊಳ, ಕೊಳದಲ್ಲಿ ಹಂಸ, ಮೇಲೆ ಹುಣ್ಣಿಮೆ ಚಂದ್ರ. ಹೊರಗೆ ರಣಬಿಸಿಲು, ಒಳಗೆ ಬೆಳದಿಂಗಳು. ನಾವು ನಾಲ್ವರೂ ಆ ಬಣ್ಣದ ಕೊಳದ ದಡದಲ್ಲಿ ಚಾಪೆ ಹಾಸಿ ಕೂತೆವು. ಒಂದು ಕಡೆ ಮುನಿಯಲ್ಲಮ್ಮ ಮತ್ತು ನಾನು, ಎದುರಿಗೆ ಅಕ್ಕಯಮ್ಮ, ಅವಳ ಹಿಂದನಿಗೆ ಶಾಮಲ. ಬಿಟ್ಟುಹೋದ ಮದುವೆಯ ಮಧ್ಯಾಹ್ನಕ್ಕೇ ಯಾರೋ ನಮ್ಮನ್ನು ಎತ್ತಿ ತಂದು ಕೂರಿಸಿದ ಹಾಗಿತ್ತು. ಮುನಿಯಲ್ಲಮ್ಮ ಮಾತ್ರ ತನ್ನ ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಕೆಳಗಿಡು ಅಂದರೆ ಕೇಳಲಿಲ್ಲ.

ಮಿಷನ್ನಿನ ಚಕ್ರ ತಿರುಗಿತು. ಕದಿರೇಶ ಕೈ ಎತ್ತಿದ. ಮುನಿಯಲ್ಲಮ್ಮ ಮೋಡ ಓಡಿಸಿದ ಪದ ಹಾಡಿದಳು. ಅದೇ ಪದ, ಆದರೆ ಅಣಕವೆಲ್ಲ ಎಲ್ಲೋ ಕರಗಿಹೋಗಿ ಸಂಕಟವೊಂದೇ ಉಳಿದಿತ್ತು. ಆಮೇಲೆ ಅಕ್ಕಯಮ್ಮ ಕಣ್ಣು ಮುಚ್ಚಿ ಶುರುಮಾಡಿದಳು. ದಪ್ಪ ದನಿ, ಅಕ್ಷರಕ್ಕೊಂದು ತೆಲುಗಿನ ಎಳೆತ:

ಓಡಿಸಿದೆ ಬೀಗಿತ್ತಿ, ಓಡಿಸಿದ್ದು ದಿಟವಮ್ಮ
ಹಸೆಮ್ಯಾಲಿನ ಕೂಸು ನೆನೆದಾಳೆಂದು
ಬಾಯಾರಿದ ಕೂಸೀಗೆ ಬೊಗಸೆಯಾದೇ ನಾನು
ಕೊಡ ಖಾಲಿ ಮಾಡವಳೆ, ಬಂದು ನೋಡೆ

ಬೊಗಸೆ ಅಂದ ಕೂಡಲೇ ಮುನಿಯಲ್ಲಮ್ಮನ ತಲೆ ಮೇಲೆದ್ದಿತು. ಆ ಮಾತು ಅಕ್ಕಯಮ್ಮನಿಗೆ ಎಲ್ಲಿಂದ ಬರಬೇಕು? ಅತ್ತೆಗೆ ಕನ್ನಡ ಪದ ಕಟ್ಟಲು ಕಲಿಸಿದವಳು ಸೊಸೆ. ಒಬ್ಬಳು ಹೇಳುತ್ತ, ಒಬ್ಬಳು ತಿದ್ದುತ್ತ, ಅವರೆಕಾಯಿ ಸುಲಿಯುತ್ತ ಇಬ್ಬರೂ ಸೇರಿ ಕಟ್ಟಿದ ಪದ ಅದು. ಹುಡುಗಿ ಅಲ್ಲಿ ಬಾಯಾರಿ ನಿಂತಿರಲೇ ಇಲ್ಲ.

ಈಗ ನಮ್ಮ ಸರದಿ. ಚಕ್ರ ತಿರುಗುತ್ತಲೇ ಇತ್ತು. ಮುನಿಯಲ್ಲಮ್ಮನ ತುಟಿ ಅಲ್ಲಾಡಿದ್ದನ್ನು ನಾನು ನೋಡಿದೆ. ಅವಳ ಜೊತೆ ಅಷ್ಟು ವರ್ಷ ಹಾಡಿದವಳು ನಾನು, ಸಾಲು ಬಾಗಿಲ ಹತ್ತಿರ ಬಂದು ನಿಂತಿದೆ ಅಂತ ನನಗೆ ಗೊತ್ತಾಗುವುದಿಲ್ಲವೇ? ಹಿಂದನಿಗೆ ಉಸಿರೆಳೆದುಕೊಂಡೆ. ಅವಳು ಹಾಡಲಿಲ್ಲ. ಕದಿರೇಶ ಕೈಸನ್ನೆ ಮಾಡಿದ, ಶ್ರೀನಿವಾಸಪ್ಪ ಬಾಗಿಲ ಬಳಿಯಿಂದ ಕಣ್ಣರಳಿಸಿದ. ಅವಳು ಕೈಚೀಲದ ಗಂಟು ಬಿಚ್ಚಿದಳು. ಒಳಗೆ ಅಕ್ಕಿ, ಎಲೆಅಡಿಕೆ, ಜುಟ್ಟಿದ್ದ ತೆಂಗಿನಕಾಯಿ. ಮನೆಯಿಂದ ಹೊರಡುವಾಗಲೇ ಕಟ್ಟಿಕೊಂಡು ಬಂದಿದ್ದಳು. ಎಂಥ ಖಾರದ ಉತ್ತರ ಬಂದರೂ ಸೋಲಬೇಕು ಅಂತಲೇ ಬಂದಿದ್ದಳು, ನನಗೊಂದು ಮಾತು ಹೇಳದೆ!

ಮಂಡಿಯೂರಿ ಅಕ್ಕಯಮ್ಮನ ಮಡಿಲು ತುಂಬಿದಳು. ಅಕ್ಕಯಮ್ಮ ಸೆರಗೊಡ್ಡಿ ಕೂತಿದ್ದಳು, ಕಣ್ಣಲ್ಲಿ ಧಾರೆ. “ಚಾಲು ವದಿನಾ, ಚಾಲು” ಅಂದಳು. ಸಾಕು, ಸಾಕು ಅಂತ. ಕ್ಯಾಸೆಟ್ಟಿನಲ್ಲಿ ಇವತ್ತಿಗೂ ಅದು ಇದೆ. ಪದ ಮುಗಿದ ಮೇಲೆ ಏನೂ ಇಲ್ಲ, ಆಮೇಲೆ ಅಕ್ಕಿ ಸುರಿಯುವ ಸದ್ದು, ಆಮೇಲೆ ಅಕ್ಕಯಮ್ಮನ ಆ ಮಾತು. ಶ್ರೀನಿವಾಸಪ್ಪ ಅದನ್ನು ಕತ್ತರಿಸಿ ಹಾಕಬೇಕೆಂದಿದ್ದ. ನಾನೇ ಬೈದು ಉಳಿಸಿದೆ. ಡೈರಿಯ ಮುಂದೆ ಕ್ಯಾಸೆಟ್ಟು ಹಾಕಿದಾಗ ಆ ಜಾಗ ಬಂದರೆ ಹಾಲು ಅಳೆಯುವವನೂ ಕೈ ನಿಲ್ಲಿಸುತ್ತಿದ್ದ.

ಮೆಟ್ಟಿಲಿಳಿಯುವಾಗ ಅಕ್ಕಯಮ್ಮ ಸೊಸೆಯ ಕೈಯನ್ನು ಮುನಿಯಲ್ಲಮ್ಮನ ಕೈಯಲ್ಲಿಟ್ಟಳು. “ಕರ್ಕೊಂಡು ಹೋಗು. ಹುಳ ಗೂಡು ಕಟ್ಟೋ ತನಕ ಇರ್ಲಿ. ಮೊಮ್ಮಗನ್ನ ನಾನು ನೋಡ್ಕೊಂತೀನಿ.”

ಊರಿಗೆ ಬಂದಾಗ ಇಳಿಬಿಸಿಲು. ಹುಳುಗಳು ಜ್ವರದಿಂದೆದ್ದು ಮನೆಯೆಲ್ಲ ಚರಚರ ಅನ್ನುತ್ತಿತ್ತು. ಶಾಮಲ ಹೊಸಿಲ ಮೇಲೆ ನಿಂತು ಸುಮ್ಮನೆ ಅದನ್ನೇ ಕೇಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅಕ್ಕಾ, ನಿಜ ಹೇಳು. ನಿಂಗೆ ಉತ್ತರ ಹೊಳೆದಿತ್ತು ತಾನೇ? ಏನದು?”

“ಅದೆಲ್ಲ ಆಮೇಲೆ. ಮೊದ್ಲು ನೀರು ತಾರೇ, ಹುಡ್ಗಿ ಬಿಸಿಲಲ್ಲಿ ಬಂದವಳೆ” ಅಂದಳು ಮುನಿಯಲ್ಲಮ್ಮ.

ಗೊಣಗುತ್ತಲೇ ಹೋಗಿ ಚೊಂಬು ತುಂಬಿ ತಂದೆ. ಶಾಮಲ ಚೊಂಬಿಗೆ ಕೈ ಚಾಚಲಿಲ್ಲ. ಮುನಿಯಲ್ಲಮ್ಮ ಆಗಲೇ ಬೊಗಸೆ ಹಿಡಿದು ನಿಂತಿದ್ದಳು. ನಾನು ಹೊಯ್ದೆ.