ಅವನು ಹೇಳಿದ್ದು, ನಾನು ಟೈಪ್ ಮಾಡಿದ್ದು

ಬದುಕಿನಲ್ಲಿ ನಾನು ಅನೇಕ ಯಜಮಾನರಿಂದ ಡಿಕ್ಟೇಶನ್ ತೆಗೆದುಕೊಂಡಿದ್ದೇನೆ. ಉಡುಪಿಯ ವಕೀಲರೊಬ್ಬರು ವಾಕ್ಯಕ್ಕೊಮ್ಮೆ ನಶ್ಯ ಏರಿಸುತ್ತಿದ್ದರು. ಬೊಂಬಾಯಿಯ ಪಾರ್ಸಿ ಸಾಹೇಬರೊಬ್ಬರು ಪತ್ರದ ಅರ್ಧಕ್ಕೆ ಬಂದು, ಇದನ್ನು ಯಾರಿಗೆ ಬರೆಸುತ್ತಿದ್ದೇನೆ ಎಂದು ನನ್ನನ್ನೇ ಕೇಳುತ್ತಿದ್ದರು. ತಡವರಿಸದೆ, ಕೆಮ್ಮದೆ, 'ಎಲ್ಲಿಗೆ ಬಂದೆ?' ಎಂದು ಒಮ್ಮೆಯೂ ಕೇಳದೆ ಹೇಳಿ ಬರೆಸಿದವನು ಒಬ್ಬನೇ. ಅವನು ಅಮೆರಿಕದ ಒಬ್ಬ ರ್‍ಯಾಪ್ ಹಾಡುಗಾರ. ಶುರುವಿನಲ್ಲಿ ಅವನಿಗೆ ಹತ್ತೊಂಬತ್ತು ವರ್ಷ. ಅವನು ನನ್ನನ್ನು ನೋಡಿಲ್ಲ. ನಾನು ಅವನನ್ನು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಬಿಟ್ಟು ಬೇರೆಲ್ಲೂ ನೋಡಿಲ್ಲ.

ಅದು ತೊಂಬತ್ತರ ದಶಕದ ಮೊದಲ ಭಾಗ. ದೋಹಾದಲ್ಲಿ ನಾನಿದ್ದ ಕಂಪನಿ ಫ್ರಿಜ್, ಟೇಪ್‌ರೆಕಾರ್ಡರ್, ಕ್ಯಾಸೆಟ್ ತರಿಸಿ ಮಾರುತ್ತಿತ್ತು. ಇಂಗ್ಲಿಷ್ ಹಾಡುಗಳ ಕ್ಯಾಸೆಟ್ಟಾದರೆ ಮೊದಲು ಒಂದು ಸ್ಯಾಂಪಲ್ ಬರುತ್ತಿತ್ತು. ಅದರಲ್ಲಿರುವ ಮಾತನ್ನೆಲ್ಲ ಟೈಪ್ ಮಾಡಿ, ತಪಾಸಣೆಯ ಕಚೇರಿಗೆ ಒಯ್ಯಬೇಕು. ಅವರು ಒಪ್ಪಿದ ಹಾಡುಗಳನ್ನಷ್ಟೇ ನಮ್ಮ ಗೋದಾಮಿನ ಹಿಂದಿನ ಕೋಣೆಯಲ್ಲಿ ಹೊಸ ಕ್ಯಾಸೆಟ್ಟಿಗೆ ತುಂಬಿ ಅಂಗಡಿಗಳಿಗೆ ಕಳುಹಿಸುತ್ತಿದ್ದೆವು. ಬೈಗುಳ, ಹೆಂಡ, ಹೆಂಗಸರ ಮೈಯ ವರ್ಣನೆ, ಅನ್ಯಧರ್ಮದ ಪ್ರಾರ್ಥನೆ, ಇವು ಇದ್ದರೆ ಆ ಹಾಡು ಹೋಯಿತು. ನಿಯಮ ಸರಳವಾಗಿತ್ತು.

ಪಾಪ್ ಹಾಡುಗಳಿಗೆ ಯಾರು ಕೂತರೂ ನಡೆಯುತ್ತಿತ್ತು, 'ಪ್ರಿಯೆ, ಪ್ರಿಯೆ' ಎಂದು ಆರು ಸಲ ಟೈಪ್ ಮಾಡಿದರೆ ಮುಗಿಯಿತು. ರ್‍ಯಾಪ್ ಬಂದಾಗ ಮಾತ್ರ ಆಫೀಸು ಕೈಚೆಲ್ಲಿತು. ಆಗ ಮಲಯಾಳಿ ಮ್ಯಾನೇಜರು ನನ್ನ ಮೇಜಿನ ಹತ್ತಿರ ಬಂದು, "ನಿಮಗೆ ಶಾರ್ಟ್‌ಹ್ಯಾಂಡ್ ಬರುತ್ತಲ್ಲ? ಇದೂ ಇಂಗ್ಲಿಷೇ" ಎಂದು ಹೆಡ್‌ಫೋನ್ ಇಟ್ಟು ಹೋದರು.

ನಮ್ಮ ಕಡೆ ಆ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಕ್ರಿಶ್ಚಿಯನ್ ಹುಡುಗರು ಒಂದೋ ಸೆಮಿನರಿಗೆ ಹೋಗುತ್ತಿದ್ದರು, ಇಲ್ಲವೇ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ. ನಾನು ಎರಡನೆಯದಕ್ಕೆ ಹೋದವನು. ನಮ್ಮ ಮೇಷ್ಟ್ರು ಕಲಿಸಿದ್ದು ಒಂದೇ ನೀತಿ: "ಯಜಮಾನ ಹೇಳಿದ್ದನ್ನು ಬರೆ. ನಿನ್ನ ತಲೆ ಮಧ್ಯೆ ತರಬೇಡ." ಅದನ್ನು ನಂಬಿ ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ. ಹುಡುಗ ಶುರು ಮಾಡಿದ. ಮೊದಲ ಹಾಡಿನಲ್ಲೇ ನನ್ನ ಸೀನಿಯರ್ ಸರ್ಟಿಫಿಕೇಟು ಸಾಲದು ಎಂದು ಗೊತ್ತಾಯಿತು. ಟೇಪನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, ಸಂಜೆಯ ಹೊತ್ತಿಗೆ ಒಂದು ಹಾಡು ಮುಗಿಸಿದೆ.

ಇನ್ನೊಂದು ತೊಂದರೆಯಿತ್ತು. ಕೆಟ್ಟ ಮಾತುಗಳ ಕೆಳಗೆ ಗೆರೆ ಎಳೆಯಬೇಕಿತ್ತು. ಯಾವುದು ಕೆಟ್ಟದ್ದು ಎಂದು ನನಗೆ ಪೂರ್ತಿ ತಿಳಿದಿರಲಿಲ್ಲ, ಕೇಳುವುದಕ್ಕೆ ನಾಚಿಕೆ. ಅನುಮಾನ ಬಂದದ್ದಕ್ಕೆಲ್ಲ ಎಳೆದೆ. ಅವನ ಬೀದಿಯ ಹೆಸರಿಗೆ, ಒಂದು ಕಾರಿನ ಹೆಸರಿಗೆ, ಅವನ ಸೋದರಮಾವನ ಹೆಸರಿಗೂ ಗೆರೆ ಬಿತ್ತು.

ಮನಸ್ಸಿಗೆ ಸಮಾಧಾನವಿರಲಿಲ್ಲ. ಆಗ ದೋಹಾದಲ್ಲಿ ಇಗರ್ಜಿ, ಅಂದರೆ ಚರ್ಚು, ಇರಲಿಲ್ಲ. ಶುಕ್ರವಾರ ಒಂದು ವಿಲ್ಲಾದ ಪಡಸಾಲೆಯಲ್ಲಿ ಪೂಜೆ ನಡೆಯುತ್ತಿತ್ತು. ಅಲ್ಲಿ ಪಾದ್ರಿಗಳ ಬಳಿ ಪಾಪನಿವೇದನೆಗೆ ಕೂತು, ನೌಕರಿಯ ನಿಮಿತ್ತ ಹೊಲಸು ಮಾತು ಟೈಪ್ ಮಾಡುತ್ತಿದ್ದೇನೆ ಎಂದೆ.

"ಎಷ್ಟು ಪ್ರತಿ?" ಎಂದರು.

"ಕಾರ್ಬನ್ ಹಾಕಿ ಮೂರು, ಫಾದರ್."

"ಹೊಟ್ಟೆಪಾಡು. ಮಾಡಿ. ಆದರೆ ಬಾಯಿಬಿಟ್ಟು ಓದಬೇಡಿ."

ಹೀಗೆ ಧರ್ಮದ ಒಪ್ಪಿಗೆ ಸಿಕ್ಕಿತು. ಆ ಕ್ಯಾಸೆಟ್ಟಿನಲ್ಲಿ ಪಾಸಾದದ್ದು ಮೂರೇ ಹಾಡು. ನಮ್ಮ ದೋಹಾದಲ್ಲಿ ಮಾರಾಟವಾದ ಅವನ ಮೊದಲ ಕ್ಯಾಸೆಟ್ಟಿನ ಎರಡನೇ ಬದಿ ಪೂರ್ತಿ ಖಾಲಿ. ಕೊಂಡವರು ಯಾರೂ ದೂರು ಕೊಡಲಿಲ್ಲ.

ಆದರೆ ಎರಡೂ ಬದಿ ಕೇಳಿದವನು ನಾನು. ಪದ ಬಿಡದೆ ಬರೆದುಕೊಂಡರೆ ಮನುಷ್ಯ ಒಳಗೆ ಬಂದು ಕೂರುತ್ತಾನೆ. ಅವನಿಗೆ ಅಪ್ಪ ಇರಲಿಲ್ಲ. ಅಮ್ಮ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸದವಳು, ಭಾನುವಾರ ಇಗರ್ಜಿಯಲ್ಲಿ ಹಾಡುವವಳು. ಇವನು ರ್‍ಯಾಪ್ ಶುರು ಮಾಡಿದ ಮೇಲೆ ಅವಳು ಒಂದು ಶಪಥ ಮಾಡಿದ್ದಳು. ಮಗನ ಬಾಯಿ ಶುದ್ಧವಾಗುವವರೆಗೆ ಅವನ ಹಾಡು ಕೇಳುವುದಿಲ್ಲ. ರೇಡಿಯೋದಲ್ಲಿ ಅವನ ದನಿ ಬಂದರೆ ಎದ್ದು ಹೋಗಿ ಕಿವಿ ಹಿಂಡುವ ಹಾಗೆ ಗುಂಡಿ ತಿರುಗಿಸುತ್ತಿದ್ದಳಂತೆ. ಊರೆಲ್ಲ ಕೇಳುತ್ತದೆ, ಅಡಿಗೆಮನೆ ಕೇಳುವುದಿಲ್ಲ ಎಂದು ಅವನೇ ಒಂದು ಹಾಡಿನಲ್ಲಿ ಹೇಳಿಕೊಂಡಿದ್ದ. ಆ ದುಃಖವನ್ನೂ ಬೈಗುಳ ಬೆರೆಸಿಯೇ ಹೇಳಿದ್ದರಿಂದ ಆ ಹಾಡೂ ಹೋಯಿತು.

ಅಲ್ ಸದ್ದ್‌ನ ನಮ್ಮ ಫ್ಲಾಟಿಗೆ ಬಂದು ಇದನ್ನು ಹೆಂಡತಿಗೆ ಹೇಳಿದೆ. ನನ್ನ ಮನೆಮಾತು ಕೊಂಕಣಿ, ಅವಳು ಭದ್ರಾವತಿಯ ಕಡೆಯ ಕನ್ನಡದವಳು. ಮದುವೆಯಾದ ಹೊಸತರಲ್ಲಿ ಎರಡು ಭಾಷೆಯಲ್ಲೂ ಜಗಳವಾಡಿ ನೋಡಿ, ಕೊನೆಗೆ ಅವಳೇ ಗೆದ್ದು ಮನೆಯಲ್ಲಿ ಕನ್ನಡವೇ ಉಳಿಯಿತು. ಅವಳು ಎಲ್ಲ ಕೇಳಿ, "ಅಮ್ಮ ಮಾಡಿದ್ದು ಸರೀನೇ. ಆದ್ರೂ ಪಾಪ ಅಲ್ವಾ?" ಎಂದಳು. ಯಾರು ಪಾಪ ಎಂದು ಹೇಳಲಿಲ್ಲ.

ಅಂದಿನಿಂದ ಅವಳ ಬಾಯಲ್ಲಿ ಅವನು 'ನಿಮ್ಮ ಹುಡುಗ' ಆದ. ನಮಗೆ ಮಕ್ಕಳಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಆಗ ನಾನು ತಿಳಿದಿದ್ದೆ. ಅವನ ದನಿ ನನ್ನ ಕಾಲಿಗೂ ಇಳಿದಿತ್ತು. ಸಂಜೆ ಜಪಸರಕ್ಕೆ ಕೂತರೆ ಮೊಣಕಾಲು ಕುಣಿಯುತ್ತಿತ್ತು, ನನ್ನ ಪಾಲಿನ ಪ್ರಾರ್ಥನೆ ಉಸಿರು ಬಿಡದೆ ಓಡುತ್ತಿತ್ತು.

"ರೀ, ಯಾಕೆ ಹಿಂಗೆ ಓಡ್ತಿದೀರಾ? ದೇವರೇನು ಬಸ್ ಹತ್ತಿ ಹೋಗ್ತಾರಾ?" ಎನ್ನುತ್ತಿದ್ದಳು.

ಅವನ ಎರಡನೇ ಕ್ಯಾಸೆಟ್ಟು ಬರುವ ಹೊತ್ತಿಗೆ ಹುಡುಗ ದೊಡ್ಡ ಮನುಷ್ಯನಾಗಿದ್ದ. ಹೊದಿಕೆಯ ಮೇಲೆ ಕುತ್ತಿಗೆಗೆ ಎತ್ತಿನ ಹಗ್ಗದಷ್ಟು ದಪ್ಪದ ಚಿನ್ನದ ಸರ. ಒಳಗೆ ಕಾರು, ಕೋರ್ಟು, ಹೊಡೆದಾಟ, ನಾಲ್ಕು ದಿನ ಜೈಲು. ನನಗೆ ಸಿಟ್ಟು ಬಂತು. ಹೆತ್ತವಳು ಒಗೆಯುತ್ತ ನಿಂತಿದ್ದಾಳೆ, ಇವನಿಗೆ ಸರ. ಸಿಟ್ಟಿನಲ್ಲೇ ಬರೆದುಕೊಳ್ಳುತ್ತ ಹೋದೆ, ಪದ ಮಾತ್ರ ಬಿಡಲಿಲ್ಲ. ಕೊನೆಯ ಹಾಡಿಗೆ ಬಂದಾಗ ಪೆನ್ಸಿಲ್ ನಿಂತಿತು. ಅದು ಅಮ್ಮನಿಗೆ ಹೇಳಿದ ಹಾಡು. ಕೆಟ್ಟವನಾದೆ ಅಮ್ಮ, ಬಾಗಿಲ ಹೊರಗೆ ನಿಂತಿದ್ದೇನೆ, ಒಮ್ಮೆ ಕೇಳು ಎಂಬ ಅರ್ಥದ್ದು. ಆರಂಭದಿಂದ ಗೆರೆ ಎಳೆಯುವಂಥದ್ದು ಏನೂ ಇಲ್ಲ. ಕೊನೆಯ ಸಾಲಿನಲ್ಲಿ, ಪ್ರೀತಿ ಉಕ್ಕಿ ಬಂದ ಜಾಗದಲ್ಲಿ, ಹಳೇ ಅಭ್ಯಾಸದ ಒಂದೇ ಒಂದು ಪದ ಜಾರಿತ್ತು. ಹನ್ನೆರಡು ಬಿಂದಿಗೆ ಹಾಲು ಕೊಟ್ಟು ಕೊನೆಗೆ ಹಸು ಒದ್ದ ಹಾಗಾಯಿತು.

ಮೇಷ್ಟ್ರ ನೀತಿ ನೆನೆದು, ಆ ಪದವನ್ನೂ ಟೈಪ್ ಮಾಡಿ ಗೆರೆ ಎಳೆದೆ. ಆದರೆ ಕಾಗದಗಳನ್ನು ಎಂದಿನಂತೆ ಡ್ರೈವರ್ ಕೈಯಲ್ಲಿ ಕಳುಹಿಸಲಿಲ್ಲ. ಟೈ ಕಟ್ಟಿಕೊಂಡು ನಾನೇ ಹೋದೆ.

ತಪಾಸಣೆ ಮಾಡುತ್ತಿದ್ದವರು ಸುಡಾನಿನ ಒಬ್ಬ ಹಿರಿಯರು. ತಲೆಗೆ ಬಿಳಿ ಮುಂಡಾಸು, ದಪ್ಪ ಗಾಜಿನ ಕನ್ನಡಕ. ಇಂಗ್ಲಿಷನ್ನು ಹಳೇ ಕಾಲದ ಪ್ರೊಫೆಸರರಂತೆ ಬಿಡಿಸಿ ಬಿಡಿಸಿ ಆಡುತ್ತಿದ್ದರು. ಕೊನೆಯ ಹಾಡನ್ನು ದಯವಿಟ್ಟು ಪೂರ್ತಿ ನೋಡಬೇಕು, ಅದು ತಾಯಿಯ ವಿಷಯ ಎಂದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು, "ಬೆಳಗ್ಗಿನಿಂದ ಓದಿ ಓದಿ ಸಾಕಾಗಿದೆ, ಸದೀಕ್. ನೀವೇ ಓದಿ. ಯಲ್ಲಾ, ಶುರು ಮಾಡಿ" ಎಂದರು. ಸದೀಕ್ ಎಂದರೆ ಅರಬಿಯಲ್ಲಿ ಗೆಳೆಯ.

ಪಾದ್ರಿಗಳ ಮಾತು ನೆನಪಾಯಿತು. ಆದರೆ ಒಂದು ಪದ ಬಿಟ್ಟರೆ ಉಳಿದದ್ದರಲ್ಲಿ ಪಾಪವೇನಿದೆ ಎಂದುಕೊಂಡು, ಯಜಮಾನರಿಗೆ ಪತ್ರ ಓದಿ ಒಪ್ಪಿಸುವ ದನಿಯಲ್ಲಿ ಶುರು ಮಾಡಿದೆ. ನಾಲ್ಕು ಸಾಲಿನವರೆಗೆ ಆ ದನಿ ಉಳಿಯಿತು. ಆಮೇಲೆ ಹಾಡು ನನ್ನ ಮಾತು ಕೇಳಲಿಲ್ಲ. ಮೊಣಕಾಲು ಕುಣಿಯತೊಡಗಿತು, ತಲೆ ಹಿಂದೆ ಮುಂದೆ ಆಡಿತು, ಎಡಗೈ ತಾನಾಗಿ ಗಾಳಿಯಲ್ಲಿ ಎದ್ದಿತು. ನಲವತ್ತು ದಾಟಿದ, ಟೈ ಕಟ್ಟಿದ, ಹೊಟ್ಟೆ ಬಂದ ಗುಮಾಸ್ತ ಸರ್ಕಾರಿ ಕಚೇರಿಯಲ್ಲಿ ನಿಂತು ರ್‍ಯಾಪ್ ಹೇಳಿದ. ಪಕ್ಕದ ಮೇಜಿನವರು ಮುದ್ರೆ ಒತ್ತುವುದನ್ನು ನಿಲ್ಲಿಸಿದರು. ಕೊನೆಯ ಸಾಲಿಗೆ ಬಂದು ನಾನೂ ನಿಲ್ಲಿಸಿದೆ.

"ಖಲಾಸ್?" ಎಂದರು ಸಾಹೇಬರು.

"ಇಲ್ಲ ಸಾರ್. ಒಂದು ಪದ ಇದೆ." ಬಾಯಿಬಿಟ್ಟು ಓದುವಂತಿರಲಿಲ್ಲವಲ್ಲ, ಟ್ರಂಕ್ ಕಾಲ್‌ನಲ್ಲಿ ಊರ ಹೆಸರು ಹೇಳುವವರ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

ಅವರ ಮುಖ ಸಪ್ಪೆಯಾಯಿತು. "ತಾಯಿಯ ಹತ್ತಿರ ಕ್ಷಮೆ ಕೇಳುವಾಗಲೂ?"

"ಅಭ್ಯಾಸ ಸಾರ್. ಒಳ್ಳೆ ಹುಡುಗ."

"ನಿಮಗೆ ಗೊತ್ತೋ ಅವನು?"

ಹೌದು ಎಂದುಬಿಟ್ಟೆ. ಅವರು ನಿಧಾನವಾಗಿ ಹಾಡಿನ ಮೇಲೆ ಕೆಂಪು ಗೆರೆ ಎಳೆದು, "ಹಾಗಾದರೆ ಅವನಿಗೆ ಹೇಳಿ. ಆ ಒಂದು ಪದ ಬಿಟ್ಟರೆ ಅವನ ತಾಯಿಯೂ ಕೇಳುತ್ತಾಳೆ, ನಾನೂ ಪಾಸು ಮಾಡುತ್ತೇನೆ" ಎಂದರು. ಹೇಳುತ್ತೇನೆ ಸಾರ್ ಎಂದು ಹೊರಬಂದು ಟ್ಯಾಕ್ಸಿ ಹತ್ತಿದೆ.

ಹೆಂಡತಿ ಬಾಗಿಲಲ್ಲೇ ಕೇಳಿದಳು. "ಅವನ ಅಮ್ಮ ಕೇಳಿದ್ಲಾ?"

"ಇನ್ನೂ ಇಲ್ಲ."

ಆಮೇಲೆ ಅವನ ಸುದ್ದಿಯಿಲ್ಲ. ಬೇರೆ ಹುಡುಗರು ಬಂದರು, ಇನ್ನೂ ಜೋರಾಗಿ ಬೈಯುವವರು. ನಾನು ಟೈಪ್ ಮಾಡಿದೆ, ಯಾರೂ ಒಳಗೆ ಬಂದು ಕೂರಲಿಲ್ಲ. ಮನೆಯಲ್ಲಿ ಜಪಸರದ ಕೊನೆಗೆ ಹೆಂಡತಿ ಊರಲ್ಲಿರುವವರಿಗಾಗಿ, ಸಮುದ್ರದ ಮೇಲಿರುವವರಿಗಾಗಿ ಪ್ರಾರ್ಥಿಸಿ, "ನಮ್ಮ ಹುಡುಗನ ಬಾಯಿಗೋಸ್ಕರ" ಎಂದೂ ಸೇರಿಸುತ್ತಿದ್ದಳು. 'ನಿಮ್ಮ' ಎನ್ನುವುದು ಯಾವಾಗ 'ನಮ್ಮ' ಆಯಿತೋ ಗಮನಿಸಲಿಲ್ಲ.

ಮೂರನೇ ಸ್ಯಾಂಪಲ್ ಬಂದದ್ದು ಒಂದು ಬೇಸಿಗೆಯಲ್ಲಿ. ಕ್ಯಾಸೆಟ್ಟಿನ ಕಂಪನಿ ಬೇರೆ, ಚಿಕ್ಕದು. ಹೊದಿಕೆ ತೆಳ್ಳಗೆ. ಚಿತ್ರದಲ್ಲಿ ಸರ ಇರಲಿಲ್ಲ. ಮನೆಯ ಮೆಟ್ಟಿಲ ಮೇಲೆ ಹುಡುಗ ಕೂತಿದ್ದ, ಹಿಂದೆ ಬಾಗಿಲು ಅರ್ಧ ತೆರೆದಿತ್ತು. ಹೆಡ್‌ಫೋನ್ ಹಾಕಿಕೊಂಡೆ. ಮೊದಲ ಹಾಡು ಮುಗಿಯಿತು, ಗೆರೆಯಿಲ್ಲ. ಎರಡನೆಯದು, ಗೆರೆಯಿಲ್ಲ. ವೇಗ ಅದೇ, ಹರಿತ ಅದೇ, ಹೊಲಸು ಮಾತ್ರ ಇಲ್ಲ. ಕೆಲವು ಕಡೆ ಪದ ನುಂಗಿಕೊಂಡದ್ದು ನನಗೆ ತಿಳಿಯುತ್ತಿತ್ತು, ಏಕೆಂದರೆ ಅಲ್ಲಿ ಯಾವ ಪದ ಬರಬೇಕಿತ್ತು ಎಂದು ಅವನನ್ನು ಬಿಟ್ಟರೆ ನನಗೇ ಗೊತ್ತು. ಮ್ಯಾನೇಜರು ಬಂದು ಶುಭ್ರ ಹಾಳೆಗಳನ್ನು ನೋಡಿ, "ಏನ್ರೀ ಇದು? ಇದನ್ನ ಯಾರು ಕೊಳ್ತಾರೆ?" ಎಂದು ಬೇಜಾರಿನಿಂದ ಹೋದರು. ನನಗೆ ಹಬ್ಬದಷ್ಟು ಸಂತೋಷವಾಗಿತ್ತು.

ಕೊನೆಯ ಹಾಡು ಉಳಿದಿತ್ತು. ಅದರಲ್ಲಿ ಡ್ರಮ್ಮಿಲ್ಲ, ಅವನೂ ಇಲ್ಲ. ಮೊದಲು ಒಂದು ಕೆಮ್ಮು. ಆಮೇಲೆ ವಯಸ್ಸಾದ ಹೆಂಗಸಿನ ದನಿ, ಇಗರ್ಜಿಯ ಒಂದು ಹಾಡು. ಯೇಸುವಿನ ಹೆಸರು ಹಿಡಿದು ಕರೆಯುವುದು, ಮನೆಗೆ ಬಂದವರನ್ನು ಒಳಗೆ ಕರೆದುಕೋ ಎನ್ನುವುದು. ಮಧ್ಯದಲ್ಲಿ ಒಮ್ಮೆ ಹುಡುಗನ ದನಿ, 'ಅಮ್ಮ' ಎಂದಷ್ಟೇ. ಅವಳು ನಿಲ್ಲಿಸದೆ ಹಾಡಿದಳು.

ಅದನ್ನೂ ಟೈಪ್ ಮಾಡಿದೆ. ಯೇಸು ಎಂಬಲ್ಲೆಲ್ಲ ಗೆರೆ ಎಳೆದೆ. ನಿಯಮ ನಿಯಮವೇ. ಬೀದಿಯ ಹೆಸರಿಗೆ ಗೆರೆ ಎಳೆದಾಗ ಏನೂ ಅನ್ನಿಸಿರಲಿಲ್ಲ. ಅವತ್ತು ಒಂದೊಂದು ಗೆರೆಗೂ ಮೊದಲು ಶಿಲುಬೆಯ ಗುರುತು ಹಾಕಿಕೊಂಡೆ.

ಸುಡಾನಿ ಸಾಹೇಬರು ಹಾಳೆಗಳನ್ನು ಒಂದೊಂದಾಗಿ ತಿರುವಿ, ಆಶ್ಚರ್ಯದಿಂದ ನನ್ನನ್ನು ನೋಡಿದರು. "ಅವನಿಗೆ ಹೇಳಿದಿರಿ ಅಲ್ಲವೇ?"

"ಹೇಳಿದೆ ಸಾರ್."

"ಕೇಳಿದ. ಒಳ್ಳೆ ಹುಡುಗ."

ಕೊನೆಯ ಹಾಳೆಗೆ ಬಂದು ಅವರು ಕನ್ನಡಕ ಒರೆಸಿಕೊಂಡರು. "ಇದು ತಾಯಿಯೇ?" ಎಂದು ಕೇಳಿ, ಟೇಪು ಹಾಕಲು ಹೇಳಿದರು. ಹೆಡ್‌ಫೋನ್ ಹಚ್ಚಿಕೊಂಡು ಕಣ್ಣು ಮುಚ್ಚಿ ಹಾಡನ್ನು ಪೂರ್ತಿ ಕೇಳಿದರು. ಗೆರೆ ಎಳೆಯುವುದಕ್ಕೆ ಅಷ್ಟೆಲ್ಲ ಕೇಳಬೇಕಾಗಿರಲಿಲ್ಲ. ಮುಗಿದ ಮೇಲೆ ಕೆಂಪು ಪೆನ್ನಿನಿಂದ ಮೂಲೆಯಿಂದ ಮೂಲೆಗೆ ಎಳೆದರು, ಎಂದಿಗಿಂತ ತೆಳುವಾಗಿ. ನಾನು ಎದ್ದಾಗ ಹಿಂದಿನಿಂದ ಕರೆದರು.

"ಸದೀಕ್. ಈಕೆಗೆ ಏನೂ ಹೇಳಬೇಡಿ."

ಆಯಿತು ಎಂದೆ.

ಕ್ಯಾಸೆಟ್ಟು ಆ ಒಂದು ಹಾಡು ಬಿಟ್ಟು ದೋಹಾದ ಅಂಗಡಿಗಳಿಗೆ ಹೋಯಿತು. ಮ್ಯಾನೇಜರು ಹೇಳಿದಂತೆಯೇ ಯಾರೂ ಕೊಳ್ಳಲಿಲ್ಲ. ಅವನ ಹೆಸರಿನಲ್ಲಿ ಮತ್ತೆ ಸ್ಯಾಂಪಲ್ ಬರಲಿಲ್ಲ. ಅಮೆರಿಕದಲ್ಲಿ ಅವನು ಮುಂದೆ ಏನಾದ, ಬಸ್ಸು ಓಡಿಸಿದನೋ ಬಟ್ಟೆ ಒಗೆದನೋ, ನನಗೆ ತಿಳಿಯದು.

ಅವತ್ತು ಮನೆಗೆ ಬಂದಾಗ ಹೆಂಡತಿ ಮೀನು ತೊಳೆಯುತ್ತಿದ್ದಳು. ತಿರುಗಿ ನೋಡದೆ ಕೇಳಿದಳು. "ಅವನ ಅಮ್ಮ ಕೇಳಿದ್ಲಾ?"

"ಹಾಡಿದಳು."

ಅವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಹೊರಗೆ ಬಂದಳು. "ಏನು ಹಾಡಿದ್ಲು? ಹಾಡಿ ನೋಡಣ."

ಓದಬೇಡಿ ಎಂದಿದ್ದರು ಪಾದ್ರಿಗಳು, ಹಾಡಬೇಡಿ ಎಂದಿರಲಿಲ್ಲ. ಕಿಟಕಿ ಮುಚ್ಚಿ, ಲಾರಿಯಂತೆ ಗುಡುಗುವ ನಮ್ಮ ಎಸಿ ಹಾಕಿ, ನೆನಪಿನಿಂದ ಹಾಡಿದೆ. ಎರಡು ಸಾಲು ಕೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅದು ಕುಣಿಯದಂತೆ ಹಿಡಿದಳು.

"ಮಗನ ಹಂಗೆ ಹಾಡ್ಬೇಡ್ರೀ. ಅಮ್ಮನ ಹಂಗೆ ಹಾಡಿ" ಎಂದಳು.

ನಾನು ಮೊದಲಿನಿಂದ, ನಿಧಾನವಾಗಿ ಹಾಡಿದೆ.