ಮೀನಿನಾಕೆಗೆ ಸಿಕ್ಕ ಕೊಬ್ಬರಿ ಚೀಲ

ಮೊಣಕೈವರೆಗೆ ಬೆಳ್ಳಿ ಮಿನುಗು ಹಚ್ಚಿಕೊಂಡು ಬೀದಿಯಲ್ಲಿ ನಡೆಯುವ ಹೆಂಗಸನ್ನು ನೀವೆಲ್ಲಾದರೂ ನೋಡಿದ್ದೀರಾ? ಇಲ್ಲ ಅನ್ನಬೇಡಿ. ಬುಧವಾರ ಬೆಳಿಗ್ಗೆ ಗೇಟಿನ ಸಂದಿಯಲ್ಲಿ ಇಣುಕುವವರಲ್ಲಿ ನೀವೂ ಒಬ್ಬರಿರಬಹುದು. ನಮ್ಮ ಮೀನಿನಾಕೆಯ ಕೈ ಹಾಗಿತ್ತು. ಎಷ್ಟು ತೊಳೆದರೂ ಮೀನಿನ ಹುರುಪೆ ಒಂದೆರಡು ಅಂಟಿಕೊಂಡೇ ಇರುತ್ತಿದ್ದವು. ಬಿಸಿಲಿಗೆ ಕೈ ಎತ್ತಿದರೆ ಮದುವೆ ಹೆಣ್ಣಿನ ಕೈಯಂತೆ ಹೊಳೆಯುತ್ತಿತ್ತು. ಮಿಕ್ಕಂತೆ ಮದುವೆ ಹೆಣ್ಣಿನ ಲಕ್ಷಣ ಯಾವುದೂ ಇರಲಿಲ್ಲ. ಮುಂದಿನ ಹಲ್ಲು ಹೋಗಿತ್ತು. ಸೀರೆಯ ಮೇಲೆ ಗಂಡನ ಹಳೇ ಶರ್ಟು ತೊಟ್ಟಿರುತ್ತಿದ್ದಳು.

ತಿಪಟೂರಿಗೂ ತುರುವೇಕೆರೆಗೂ ನಡುವಿನ ಊರು ನಮ್ಮದು. ಬೀದಿಯಲ್ಲಿ ಅರ್ಧ ತಿನ್ನುವವರು, ಅರ್ಧ ತಿನ್ನದವರು. ಅದಕ್ಕೇ ಆಕೆ ಮೀನು ಎಂದು ಕೂಗುತ್ತಿರಲಿಲ್ಲ. ತಿನ್ನುವವರ ಗೇಟಿನ ಮುಂದೆ ನಿಂತು "ಅವ್ವಾ, ಒಂದ್ಲೋಟ ನೀರು" ಅನ್ನುತ್ತಿದ್ದಳು. ಒಳಗಿನವರು ಪಾತ್ರೆ ಹಿಡಿದು ಬರುತ್ತಿದ್ದರು. ಒಮ್ಮೆ ತಿನ್ನದ ಮನೆಯ ಹೊಸ ಸೊಸೆಯೊಬ್ಬಳು ಕೇಳಿಸಿಕೊಂಡು ನಿಜಕ್ಕೂ ನೀರು ತಂದುಕೊಟ್ಟಳು. ಮೀನಿನಾಕೆ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಮುಂದೆ ಹೋದಳು. ಕೈಯಲ್ಲಿ ದುಡ್ಡಿಲ್ಲ ಅಂದವರಿಂದ ತೆಂಗಿನಕಾಯಿ ಇಸಿದುಕೊಳ್ಳುತ್ತಿದ್ದಳು.

ನಮ್ಮ ಮನೆಯಲ್ಲಿ ಮೀನು ಬೇಯುವುದು ಹಿತ್ತಿಲ ಒಲೆಯ ಮೇಲೆ, ಕರಟದ ಬೆಂಕಿಯಲ್ಲಿ. ಆಕೆ ಆ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೀನು ಕೊಯ್ದು, ತಲೆಯನ್ನು ಬೇರೆ ಇಟ್ಟು ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದಳು: "ತಲೆ, ಬೇಯ್ಸಿದೋರಿಗೆ ಕಣವ್ವ. ಗಂಡಸ್ರಿಗೆ ಇಕ್ಬೇಡಿ, ಮುಳ್ಳು ಅಂತ ಉಗುಳ್ತಾರೆ." ಇಷ್ಟು ವರ್ಷ ಮೀನು ತಿಂದ ನಾನು ತಲೆಯ ರುಚಿ ನೋಡಿದ್ದು ಆಕೆಯ ಮಾತು ಕೇಳಿದ ಮೇಲೆಯೇ.

ಎರಡು ಬೇಸಿಗೆ ಹಿಂದಿನ ಮಾತು. ಎದುರುಮನೆಯ ಅಂಗಳದಲ್ಲಿ ನಾವು ಹೆಂಗಸರು ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದೆವು. ಎದುರುಮನೆಯವಳು ಫೋನನ್ನು ನನ್ನ ಮೂಗಿಗೇ ಹಿಡಿದಳು.

"ನೋಡಿ ಅಜ್ಜಿ, ನೋಡಕ್ಕಾಗಲ್ಲ," ಅಂತ ನೋಡಿಸಿದಳು.

ನಾಯಿಮರಿಯೊಂದರ ಬಾಯಿಗೆ ದೊಡ್ಡ ಗಾಳ ಸಿಕ್ಕಿಸಿದ್ದರು. ಅದನ್ನು ಮೀನಿಗೆ ಎರೆ ಹಾಕುತ್ತಾರೆ, ನಮ್ಮ ಕಡೆಯ ಕೆರೆಗಳಲ್ಲೂ ಹೀಗೇ ಮಾಡುತ್ತಾರೆ, ಎಲ್ಲರಿಗೂ ಕಳಿಸಿ ಎಂದು ಕೆಳಗೆ ಬರೆದಿತ್ತು.

"ಯಾವೂರೇ ಇದು? ಹಿಂದ್ಗಡೆ ಅಲೆ ಹೊಡೀತಾ ಐತೆ."

"ಯಾವೂರಾದ್ರೇನಜ್ಜಿ, ನಮ್ ಕಡೇನೂ ಅಂತ ಬರ್ದವ್ರಲ್ಲ."

"ನಮ್ ಕೆರೆಗೆ ಅಲೆ ಯಾವಾಗ್ ಬಂತೇ?"

"ನಿಮ್ಗೆಲ್ಲಾ ತಮಾಷೆ ಬುಡಿ."

ಸಂಜೆಗೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಫೋಟೋ ಬಂತು. ಇದು ನಮ್ಮ ಕೆರೆಯದೇ. ಏರಿಯ ಮೇಲೆ ಮೀನಿನಾಕೆ ನಡೆದು ಹೋಗುತ್ತಿದ್ದಾಳೆ, ಸೊಂಟದ ಮೇಲಿನ ಅಲ್ಯೂಮಿನಿಯಂ ಬೋಗುಣಿಯಲ್ಲಿ ನಾಯಿಮರಿಗಳು. ಕೆಳಗೆ ಒಂದೇ ಪದ: ಸಾಕ್ಷಿ. ಹಾಕಿದವಳು ಎದುರುಮನೆಯವಳು.

ಮೀನಿನಾಕೆಯ ಗಂಡ ಬಲೆ ಬೀಸುವವನು, ಗಾಳ ಮುಟ್ಟಿದವನಲ್ಲ. ಅದು ಯಾರಿಗೂ ನೆನಪಾಗಲಿಲ್ಲ. ಮುಂದಿನ ಬುಧವಾರ ಆಕೆ ಬೀದಿಯ ಉದ್ದಕ್ಕೂ ನೀರು ಕೇಳಿಕೊಂಡು ಹೋದಳು, ಒಂದು ಗೇಟೂ ತೆರೆಯಲಿಲ್ಲ. ನಮ್ಮದೊಂದು ತೆರೆಯಿತು. ನಾನೊಬ್ಬಳೇ ಎಷ್ಟು ತಿನ್ನಲಿ? ಉಳಿದ ಮೀನು ಬಿಸಿಲಿಗೆ ಕೆಟ್ಟಿತು. ಆ ವಾರವೇ ಊರಿನ ಹಿರಿಯರು ಆಕೆಯ ಗಂಡನನ್ನು ಕರೆಸಿ, ಇದು ಇತ್ಯರ್ಥವಾಗುವವರೆಗೆ ಕೆರೆಗೆ ಬಲೆ ಇಳಿಸಬೇಡ ಅಂದರು. ಅವರಿಗೆ ಹೊಲವಿಲ್ಲ, ತೋಟವಿಲ್ಲ. ಬಲೆ ನಿಂತರೆ ಒಲೆ ನಿಂತಂತೆ.

ನಾನು ಏರಿಯ ಮೇಲೆ ಹೋದೆ. ಬೋರಲು ಹಾಕಿದ ತೆಪ್ಪದ ನೆರಳಲ್ಲಿ ನಾಯಿಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಹೊಟ್ಟೆ ತಮಟೆಯಂತಿತ್ತು. ಮೀನಿನಾಕೆ ಮುದ್ದೆಗೆ ಮೀನಿನ ನೀರು ಕಲಸುತ್ತಿದ್ದಳು.

"ಎಲ್ಲಿಂದ ತಂದ್ಯೇ ಇವನ್ನ?"

"ತರೋದೇನವ್ವ, ಬುಟ್ಟೋಗ್ತಾರೆ. ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಏರಿ ಮೇಲೆ ಮಡಗ್ತಾರೆ. ಎಲ್ಲಾ ಹೆಣ್ಣು. ಗಂಡುಮರಿ ಒಂದೂ ಸಿಕ್ಕಿಲ್ಲ ನನ್ಗೆ."

ಮರಿಗಳ ಕೆಳಗೆ ಹಾಸಿದ್ದ ಚೀಲ ನೋಡಿದೆ. ನಮ್ಮ ಕಡೆ ಕೊಬ್ಬರಿಯನ್ನು ತಿಪಟೂರು ಮಂಡಿಗೆ ಹಾಕುವಾಗ ಒಬ್ಬರ ಚೀಲ ಇನ್ನೊಬ್ಬರದರಲ್ಲಿ ಬೆರೆಯಬಾರದೆಂದು ಪ್ರತಿ ಮನೆಯವರೂ ಬಣ್ಣದಲ್ಲಿ ತಮ್ಮ ಗುರುತು ಬರೆದಿರುತ್ತಾರೆ. ಈ ಚೀಲದ ಮೇಲಿದ್ದುದು ನೀಲಿ ಸುತ್ತು, ನಡುವೆ ಅಡ್ಡಗೆರೆ. ಎದುರುಮನೆಯ ಅಂಗಳದಲ್ಲಿ ದಿನಾ ಅದನ್ನು ನೋಡಿಕೊಂಡೇ ಕರಟ ಒಡೆಯುತ್ತಿದ್ದೆ. ಎದುರುಮನೆಯ ನಾಯಿ ಆ ತಿಂಗಳ ಮೊದಲಲ್ಲಿ ಮರಿ ಹಾಕಿತ್ತು. ಗಂಡು ಎರಡು ಉಳಿದವು, ಮಿಕ್ಕವು ಸತ್ತುಹೋದವು ಎಂದು ಅವಳೇ ಹೇಳಿದ್ದಳು.

"ಗೊತ್ತಿದ್ದೂ ನೀನ್ಯಾಕೆ ಬಾಯಿ ಬುಡ್ಲಿಲ್ಲ?"

"ಆ ಮನೆಯೋರು ದೊಡ್ಡ ಮೀನೇ ತಗೊಳ್ಳೋರು ಕಣವ್ವ," ಅಂದಳು.

ಆಗಷ್ಟೇ ಫೋನಿನಲ್ಲಿ ಅಕ್ಷರ ಒತ್ತುವುದು ಕಲಿತಿದ್ದೆ. ಮರಿಗಳನ್ನು ಸ್ವಲ್ಪ ಸರಿಸಿ, ಗುರುತು ಕಾಣುವಂತೆ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಒಂದೇ ಬೆರಳಿನಲ್ಲಿ ಬರೆದೆ: "ಕೊಬ್ಬರಿ ಚೀಲವೊಂದು ಕೆರೆ ಏರಿ ಮೇಲೆ ಸಿಕ್ಕಿದೆ. ಒಳಗೆ ಏನಿತ್ತು ಎಂದು ಸರಿಯಾಗಿ ಹೇಳಿದವರಿಗೆ ಚೀಲ ವಾಪಸ್ಸು ಕೊಡಲಾಗುವುದು."

ದಿನವಿಡೀ ದೇವರ ಪಟ, ಶುಭೋದಯ ಬರುತ್ತಿದ್ದ ಗುಂಪು ಸತ್ತಂತೆ ಬಿದ್ದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಸಾಕ್ಷಿಯ ಫೋಟೋ ಇದ್ದ ಜಾಗದಲ್ಲಿ, ಈ ಸಂದೇಶವನ್ನು ಅಳಿಸಲಾಗಿದೆ ಎಂದಿತ್ತು. ಎದುರುಮನೆಯವಳು ನನ್ನೊಂದಿಗೆ ಒಂದು ತಿಂಗಳು ಮಾತಾಡಲಿಲ್ಲ. ಮಾತಾಡಿದಾಗಲೂ ಚೀಲದ ವಿಷಯ ಬಿಟ್ಟು ಮಾತಾಡಿದಳು. ಬಲೆ ಮತ್ತೆ ಕೆರೆಗಿಳಿಯಿತು. ಗೇಟುಗಳು ಒಂದೊಂದಾಗಿ ತೆರೆದವು. ಎಲ್ಲವೂ ಅಲ್ಲ. ಹುಳಿಯಾರಿನಲ್ಲಿರುವ ನನ್ನ ತಂಗಿಯ ಮಗಳು ಮೊನ್ನೆ ಕೂಡ ಫೋನು ಮಾಡಿ, "ದೊಡ್ಡವ್ವ, ನಿಮ್ ಕೆರೆ ಮೀನಿಗೆ ನಾಯಿಮರಿ ಹಾಕ್ತಾರಂತೆ, ನೀವಿನ್ನೂ ತಿಂತೀರಾ?" ಅಂದಳು. ಅಳಿಸಿದ್ದು ನಮ್ಮ ಬೀದಿಯಲ್ಲಿ ಮಾತ್ರ.

ಮೀನಿನಾಕೆ ಈಗಿಲ್ಲ. ಹೋದ ಮಳೆಗಾಲದಲ್ಲಿ ಜ್ವರ ಹಿಡಿದು ಮಲಗಿದವಳು ಏಳಲಿಲ್ಲ. ಮಣ್ಣಿಗೆ ಬೀದಿಯವರು ಬಂದಿದ್ದರು, ಎದುರುಮನೆಯವಳೂ ಬಂದಿದ್ದಳು. ಏರಿಯ ಮೇಲಿನ ಮರಿಗಳು ಅಲ್ಲಿ ಇಲ್ಲಿ ಸೇರಿಕೊಂಡಿವೆ. ಅವುಗಳಲ್ಲಿ ಒಂದು, ಕಂದು ಬಣ್ಣದ್ದು, ನಾನು ಇದನ್ನು ಬರೆಯುವಾಗ ನನ್ನ ಕಾಲ ಮೇಲೆ ಗದ್ದವಿಟ್ಟು ಮಲಗಿದೆ. ಅದನ್ನು ನಾನಾಗಿ ತಂದದ್ದಲ್ಲ.

ಗೇಟುಗಳು ತೆರೆದ ಬುಧವಾರ ಆಕೆ ನಮ್ಮ ಹಿತ್ತಿಲಿಗೆ ಬಂದಿದ್ದಳು. ನನಗೆ ಹೊಗಳಿಕೆ ಬೇಕಾಗಿತ್ತು.

"ನೋಡ್ದಾ, ಒಂದ್ ಬೆರಳಲ್ಲಿ ನಿನ್ ಯಾಪಾರ ಉಳಿಸ್ದೆ."

"ಉಳಿಸಿದ್ರಿ ಬುಡಿ," ಅಂದು ಬೋಗುಣಿಯ ಮುಚ್ಚಳ ತೆಗೆದಳು. ಮೀನಿರಲಿಲ್ಲ, ಕಂದು ಮರಿ ಕೂತಿತ್ತು. "ಇದೊಂದನ್ನ ಸಾಕ್ಕಳಿ."

"ಹೋಗೇ, ಹೆಣ್ಣು ನಾಯಿನ ಯಾರ್ ಸಾಕ್ತಾರೆ? ವರ್ಷ ವರ್ಷ ಮರಿ ಹಾಕುತ್ತೆ."

ಆಕೆ ಮರಿಯನ್ನು ನನ್ನ ಮಡಿಲಿಗೆ ಹಾಕಿ ಬೋಗುಣಿ ಎತ್ತಿಕೊಂಡಳು.

"ನಿಮ್ಮವ್ವ ಸಾಲಾಗಿ ಆರು ಹೆಣ್ಣೇ ಹೆತ್ರಂತಲ್ಲ," ಅಂದಳು. "ಅವರ ಮನೇಲಿ ಚೀಲ ಇರ್ಲಿಲ್ವೇನವ್ವ?"