ರೆಸಿನ್ ಒಳಗೆ ಕೂತ ಹೆಸರು

ಕಳೆದ ವರ್ಷ ಶಿಕ್ಷಕರ ದಿನಾಚರಣೆ ಮುಗಿದ ವಾರದಲ್ಲಿ ನಡೆದದ್ದು. ನಾನು ಕಾಪುವಿನ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ಜೊತೆಗೇ ಗಣಿತ ಕಲಿಸಿದವರು ವಾರಿಜಾ ಟೀಚರ್. ಅವರ ಮನೆ ಹತ್ತಿರವೇ ಇರುವುದರಿಂದ ಒಂದು ಸಂಜೆ ಚಹಾಕ್ಕೆ ಹೋಗಿದ್ದೆ.

ಅವರ ಷೋಕೇಸಿನಲ್ಲಿ ಗಾಜಿನಂತೆ ಹೊಳೆಯುವ ಹೊಸ ಫಲಕವೊಂದಿತ್ತು. ಒಳಗೆ ಒಣಗಿದ ಮಲ್ಲಿಗೆ, ನಡುವೆ ಕೈಬರಹದಲ್ಲಿ ‘ಲೆಕ್ಕ ಕಲಿಸಿದ ವಾರಿಜಾ ಟೀಚರಿಗೆ’.

“ರೆಸಿನ್ ಅಂತೆ, ಅಚ್ಚಿಗೆ ಹೊಯ್ದರೆ ಗಾಜಿನ ಹಾಗೆ ಗಟ್ಟಿಯಾಗುತ್ತದಂತೆ. ನಮ್ಮ ಸುಷ್ಮಾ ಮಾಡಿ ಕೊಟ್ಟದ್ದು. ಮಣಿಪಾಲದಲ್ಲಿ ಅಂಗಡಿ ಇಟ್ಟಿದ್ದಾಳೆ. ನಿಮಗೆ ಬರಲಿಲ್ವಾ?” ಎಂದರು.

‘ನಮ್ಮ’ ಸುಷ್ಮಾ ಅಂತೆ. ಒಂದನೇ ಕ್ಲಾಸಿನಲ್ಲಿ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಮಗ್ಗಿ ಬಾರದ್ದಕ್ಕೆ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು ಇವರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. “ಚಂದ ಉಂಟು” ಎಂದು ಬಾಯಿಮಾತಿಗೆ ಹೇಳಿ ಬೇಗ ಎದ್ದು ಬಂದೆ.

ಮುಂದಿನ ವಾರ ಕಣ್ಣು ತೋರಿಸಲೆಂದು ಮಣಿಪಾಲಕ್ಕೆ ಹೋದವಳು ದಾರಿ ಕೇಳಿಕೊಂಡು ಸುಷ್ಮಾಳ ಅಂಗಡಿಗೂ ಹೋದೆ. ಕಣ್ಣು ನೆಪ ಮಾತ್ರ. ಅವಳು ಓಡಿ ಬಂದು ಕಾಲು ಮುಟ್ಟಿದಳು, ಕುರ್ಚಿ ಕೊಟ್ಟಳು, ಕೆಲಸ ತೋರಿಸಿದಳು. ಬರೆದ ಕಾಗದದ ಎರಡೂ ಬದಿಗೆ ಅಂಟು ಬಳಿದು ಒಣಗಿಸಬೇಕಂತೆ. ಇಲ್ಲದಿದ್ದರೆ ಕಾಗದ ರೆಸಿನ್ ಹೀರಿಕೊಂಡು ಎಣ್ಣೆ ಕುಡಿದ ಹಾಗೆ ಆಗುತ್ತದಂತೆ. ನನಗೆ ಅದೆಲ್ಲ ಬೇಕಿರಲಿಲ್ಲ.

“ವಾರಿಜಾ ಟೀಚರದ್ದು ನೋಡಿದೆ. ನನ್ನನ್ನು ಮರೆತೆಯಾ ಎಂತ?” ಎಂದು ಕೇಳಿಯೇಬಿಟ್ಟೆ.

ಅವಳು ತಲೆ ತಗ್ಗಿಸಿದಳು. “ಹಾಗಲ್ಲ ಟೀಚರ್. ಅವರು ಅಕ್ಷರ ನೋಡುವುದಿಲ್ಲ. ನೀವು ನೋಡ್ತೀರಿ. ಒಮ್ಮೆ ಗಟ್ಟಿಯಾದರೆ ಮತ್ತೆ ತಿದ್ದಲಿಕ್ಕೆ ಆಗುವುದಿಲ್ಲ ಅಲ್ವಾ? ನಿಮ್ಮ ಹೆಸರು ಎಷ್ಟು ಸಲ ಬರೆದು ಹರಿದು ಹಾಕಿದ್ದೇನೆ ಗೊತ್ತುಂಟಾ?”

ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ. “ಈಗ ಬರೆ” ಎಂದೆ.

ಅವಳು ‘ವಿಮಲಾ ಟೀಚರಿಗೆ’ ಎಂದು ಬರೆದಳು. ತಲೆಕಟ್ಟು ಎತ್ತಿ ಎಳೆಯುವ ರೀತಿ, ಕೊನೆಯಲ್ಲಿ ಕೊಡುವ ಸುಳಿ, ಎಲ್ಲವೂ ನನ್ನದೇ. ಬರೆದು ಮುಗಿಸಿ, ಸ್ಲೇಟು ತೋರಿಸುವ ಮಗುವಿನ ಹಾಗೆ ಕಾಗದವನ್ನು ನನ್ನೆದುರು ಹಿಡಿದಳು. ‘ವಿ’ಯ ಗುಡಿಸು ಸ್ವಲ್ಪ ಓರೆಯಾಗಿತ್ತು. ನನ್ನ ಕೈ ತಾನಾಗಿಯೇ ಬ್ಯಾಗಿನಲ್ಲಿ ಪೆನ್ನು ಹುಡುಕಿತು. ತಡೆದುಕೊಂಡೆ.

“ಸರಿ ಉಂಟು. ಅಂಟು ಹಚ್ಚು” ಎಂದೆ. ಅವಳ ಮುಖ ಅರಳಿದ್ದನ್ನು ಕಂಡು ನನ್ನ ಕಣ್ಣು ತುಂಬಿತು.

ಈಗ ಆ ಫಲಕ ನಮ್ಮ ಟಿವಿಯ ಪಕ್ಕದಲ್ಲಿದೆ. ಓರೆ ಗುಡಿಸು ದಿನಾ ಕಣ್ಣಿಗೆ ಬೀಳುತ್ತದೆ, ಅದರ ಮೇಲೆ ಪ್ರೀತಿಯೂ ಬಂದಿದೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತೇನೆ. ವಾರಿಜಾ ಟೀಚರನ್ನು ಕರೆದೇ ತೋರಿಸಿದೆ. ಹಾಗೆಂದು ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದರೆ ಸುಳ್ಳಾದೀತು. ಅವರದ್ದು ನನ್ನದಕ್ಕಿಂತ ಎರಡು ಬೆರಳು ಅಗಲವಿದೆ.